ಕಳೆದುಹೋದ ಊರುಗಳಿಗೆ ದಾರಿ ತೋರಿಸಿದ ವ್ಯಾಪಾರಿಗಳ ಲೆಕ್ಕ

ಈ ಸಂಚಿಕೆಯನ್ನ ಒಂದು ಪ್ರಶ್ನೆಯಿಂದ ಶುರು ಮಾಡೋಣ. ಒಂದು ಊರು ಇತ್ತು ಅಂತ ಗೊತ್ತು. ಅದರ ಹೆಸರು ಗೊತ್ತು. ಅಲ್ಲಿಗೆ ಯಾವ ಸರಕು ಹೋಗ್ತಿತ್ತು, ಅಲ್ಲಿಂದ ಏನು ಬರ್ತಿತ್ತು ಅನ್ನೋದೂ ಗೊತ್ತು. ಆದರೆ ಆ ಊರು ಭೂಪಟದಲ್ಲಿ ಎಲ್ಲಿದೆ ಅನ್ನೋದು ಮಾತ್ರ ಗೊತ್ತಿಲ್ಲ. ಹುಡುಕೋದು ಹೇಗೆ?

ಅಗೆದು ನೋಡಬೇಕು, ಸರಿ. ಆದರೆ ಎಲ್ಲಿ ಅಗೆಯೋದು? 2019ರಲ್ಲಿ ನಾಲ್ಕು ಜನ ವಿದ್ವಾಂಸರು ಒಂದು ಗುದ್ದಲಿಯನ್ನೂ ಮುಟ್ಟದೆ ಈ ಪ್ರಶ್ನೆಗೆ ಕೈ ಹಾಕಿದರು. ಅವರಲ್ಲಿ ಒಬ್ಬರು ಗೊಯ್ಕೊ ಬರ್ಯಾಮೊವಿಚ್, ಪ್ರಾಚೀನ ಅಸ್ಸೀರಿಯಾದ ಇತಿಹಾಸಕಾರರು. ಉಳಿದ ಮೂವರು ಥಾಮಸ್ ಶಾನೆ, ಕೆರೆಮ್ ಜೋಶಾರ್, ಅಲಿ ಹೊರ್ತಾಚ್ಸು. ಈ ಮೂವರೂ ಅರ್ಥಶಾಸ್ತ್ರಜ್ಞರು. ಅವರ ಲೇಖನ ಬಂದಿದ್ದು ಇತಿಹಾಸದ ಪತ್ರಿಕೆಯಲ್ಲಿ ಅಲ್ಲ, ಅರ್ಥಶಾಸ್ತ್ರದ ದೊಡ್ಡ ಪತ್ರಿಕೆಗಳಲ್ಲಿ ಒಂದಾದ ‘ಕ್ವಾರ್ಟರ್ಲಿ ಜರ್ನಲ್ ಆಫ್ ಇಕನಾಮಿಕ್ಸ್’ನಲ್ಲಿ. ಅವರು ಹುಡುಕಿದ್ದು ಇವತ್ತಿನ ಟರ್ಕಿಯ ನೆಲದಲ್ಲಿ, ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಇದ್ದು ಕಾಣೆಯಾದ 11 ಪಟ್ಟಣಗಳನ್ನ. ಕೈಯಲ್ಲಿ ಇದ್ದ ಸಾಕ್ಷಿ ಏನು ಅಂದ್ರೆ ವ್ಯಾಪಾರಿಗಳ ಬಿಲ್ಲು, ರಶೀದಿ, ಸಾಲದ ಪತ್ರ, ಜಗಳದ ಕಾಗದ. ಬಿ.ಕಾಂ ಓದಿದ ನನ್ನಂಥವನಿಗೆ ಇದಕ್ಕಿಂತ ಖುಷಿ ಕೊಡೋ ವಿಷಯ ಬೇರೆ ಬೇಕಾ?

ಮೊದಲು ಜಾಗ ನೋಡೋಣ. ಟರ್ಕಿಯ ಮಧ್ಯಭಾಗದಲ್ಲಿ ಕೈಸೇರಿ ಅನ್ನೋ ನಗರ ಇದೆ. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಕುಲ್‌ತೆಪೆ ಅನ್ನೋ ದೊಡ್ಡ ದಿಬ್ಬ. ‘ಬೂದಿ ದಿಬ್ಬ’ ಅಂತ ಅರ್ಥ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಹಳೆ ವಸ್ತುಗಳ ಪೇಟೆಯಲ್ಲಿ ಅಂಗೈ ಅಗಲದ ಜೇಡಿಮಣ್ಣಿನ ಫಲಕಗಳು ಮಾರಾಟಕ್ಕೆ ಬರೋಕೆ ಶುರುವಾದವು. ಮೇಲೆ ಬೆಣೆಯಾಕಾರದ ಗೀರುಗಳ ಬರಹ, ಅಂದರೆ ಕ್ಯೂನಿಫಾರ್ಮ್ ಲಿಪಿ. ಎಲ್ಲಿಂದ ಬರ್ತಿವೆ ಅಂತ ವಿದ್ವಾಂಸರು ಹುಡುಕುತ್ತಾ ಹೋದರು, ದಿಬ್ಬ ಅಗೆದರು, ಸಿಗಲಿಲ್ಲ. 1925ರಲ್ಲಿ ಜೆಕ್ ವಿದ್ವಾಂಸ ಬೆದ್ರಿಚ್ ಹ್ರೋಜ್ನಿ ಬಂದರು. ಹಿಟ್ಟೈಟ್ ಭಾಷೆಯ ಗುಟ್ಟು ಬಿಡಿಸಿದ್ದು ಇವರೇ. ಇವರೂ ಮೊದಲು ದಿಬ್ಬದ ಮೇಲೇ ಅಗೆದರು. ಕೊನೆಗೆ ಸ್ಥಳೀಯರಿಂದಲೇ ಗುಟ್ಟು ಹೊರಬಿತ್ತು. ಫಲಕಗಳು ಇದ್ದದ್ದು ರಾಜನ ಅರಮನೆ ಇದ್ದ ದಿಬ್ಬದಲ್ಲಿ ಅಲ್ಲ, ಅದರ ಕೆಳಗಿನ ಹೊಲದಲ್ಲಿ. ಅದು ಆ ಕಾಲದ ವ್ಯಾಪಾರಿಗಳ ಕೇರಿ.

1948ರಿಂದ ಟರ್ಕಿಯ ತಹಸಿನ್ ಓಜ್ಗುಚ್ ಅಲ್ಲಿ ಉತ್ಖನನ ಶುರು ಮಾಡಿ, 2005ರಲ್ಲಿ ತೀರಿಕೊಳ್ಳೋವರೆಗೂ ಅದೇ ಕೆಲಸದಲ್ಲಿದ್ದರು. ಇವತ್ತಿಗೆ ಸುಮಾರು 23 ಸಾವಿರ ಫಲಕಗಳು ಸಿಕ್ಕಿವೆ. ಊರಿನ ಹಳೆಯ ಹೆಸರು ಕಾನೇಶ್. 2015ರಲ್ಲಿ ಯುನೆಸ್ಕೋ ಈ ಫಲಕಗಳನ್ನ ತನ್ನ ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿಸಿತು.

ಈಗ ವ್ಯಾಪಾರಕ್ಕೆ ಬರೋಣ. ಕಾನೇಶದ ಆ ಕೇರಿಯಲ್ಲಿ ಇದ್ದವರಲ್ಲಿ ಬಹಳಷ್ಟು ಜನ ಸ್ಥಳೀಯರಲ್ಲ. ಇವತ್ತಿನ ಇರಾಕಿನ ಉತ್ತರ ಭಾಗದಲ್ಲಿ, ಟೈಗ್ರಿಸ್ ನದಿ ದಂಡೆ ಮೇಲಿದ್ದ ಅಸ್ಸೂರ್ ಪಟ್ಟಣದವರು. ಎರಡೂರಿಗೂ ನಡುವೆ ಸಾವಿರ ಕಿಲೋಮೀಟರ್ ದಾರಿ. ವಾಹನ ಅಂದ್ರೆ ಕತ್ತೆ. ಪ್ರಯಾಣ ಸುಮಾರು ಆರು ವಾರ. ಒಂದು ಕತ್ತೆ ಬೆನ್ನ ಮೇಲೆ ಸುಮಾರು 70-75 ಕೆಜಿ ಸರಕು. ಹೋಗುವಾಗ ತವರ ಮತ್ತು ಬಟ್ಟೆ, ಬರುವಾಗ ಬೆಳ್ಳಿ ಮತ್ತು ಬಂಗಾರ. ತವರ ಯಾಕೆ? ತಾಮ್ರಕ್ಕೆ ತವರ ಬೆರೆಸಿದರೆ ಕಂಚು. ಅದು ಕಂಚಿನ ಯುಗ. ಟರ್ಕಿ ಕಡೆ ತಾಮ್ರ ಬೇಕಾದಷ್ಟಿತ್ತು, ತವರಕ್ಕೆ ಪರದಾಟ.

ಲಾಭ ಎಷ್ಟು? ಅಸ್ಸೂರಿನಲ್ಲಿ ಒಂದು ಶೆಕೆಲ್ ಬೆಳ್ಳಿಗೆ ಸುಮಾರು 14 ಶೆಕೆಲ್ ತವರ ಸಿಗ್ತಿತ್ತು. ಶೆಕೆಲ್ ಅಂದ್ರೆ ಸುಮಾರು 8 ಗ್ರಾಂ ತೂಕ. ಕಾನೇಶಕ್ಕೆ ಬಂದರೆ ಅದೇ ಒಂದು ಶೆಕೆಲ್ ಬೆಳ್ಳಿಗೆ ಸುಮಾರು 7 ಶೆಕೆಲ್ ತವರ ಕೊಟ್ಟರೆ ಸಾಕು. ಅಂದ್ರೆ ಹಾಕಿದ ದುಡ್ಡು ಎರಡರಷ್ಟು. ಇದರಲ್ಲಿ ದಾರಿ ಖರ್ಚು, ಕತ್ತೆ ಮೇವು, ಸುಂಕ ಎಲ್ಲ ಕಳೀಬೇಕು. ಅದೆಲ್ಲಕ್ಕೂ ಫಲಕಗಳಲ್ಲಿ ಲೆಕ್ಕ ಇದೆ.

ಇನ್ನೊಂದು ವ್ಯವಸ್ಥೆಯ ಹೆಸರು ‘ನರುಕ್ಕುಮ್’. ಆ ಪದಕ್ಕೆ ಚೀಲ ಅಂತ ಅರ್ಥ. ಹತ್ತಾರು ಜನ ಸೇರಿ ಒಬ್ಬ ವ್ಯಾಪಾರಿಯ ‘ಚೀಲ’ಕ್ಕೆ ಬಂಗಾರ ಹಾಕೋದು, ಆತ ಅದನ್ನ ವರ್ಷಗಟ್ಟಲೆ ದುಡಿಸೋದು. ಅಮುರ್-ಇಶ್ತಾರ್ ಅನ್ನೋ ವ್ಯಾಪಾರಿಯ ಕರಾರು ಪತ್ರ ಸಿಕ್ಕಿದೆ. ಅವಧಿ 12 ವರ್ಷ. ಲಾಭದಲ್ಲಿ ಮೂರನೇ ಒಂದು ಭಾಗ ಆತನಿಗೆ. ಅವಧಿಗೆ ಮೊದಲೇ ದುಡ್ಡು ವಾಪಸ್ ಬೇಕು ಅಂದವರಿಗೆ ಒಂದು ಪಾಲು ಬಂಗಾರಕ್ಕೆ ನಾಲ್ಕು ಪಾಲು ಬೆಳ್ಳಿ ಮಾತ್ರ. ಪೇಟೆಯಲ್ಲಿ ಬಂಗಾರದ ಬೆಲೆ ಸುಮಾರು ಅದರ ಎರಡರಷ್ಟಿತ್ತು. ನಮ್ಮ ಫಿಕ್ಸೆಡ್ ಡೆಪಾಸಿಟ್ ಮುರಿಸಿದಾಗ ಬೀಳೋ ದಂಡ ನೆನಪಾಯ್ತಾ? ಅದಕ್ಕಿಂತ ಇದು ಜೋರು. ಅಸ್ಸೂರಿನವರು ತಮ್ಮತಮ್ಮಲ್ಲೇ ಸಾಲ ಕೊಟ್ಟುಕೊಂಡರೆ ವಾಡಿಕೆಯ ಬಡ್ಡಿ ವರ್ಷಕ್ಕೆ ಶೇ. 30.

ಸುಂಕ ಇದ್ದಮೇಲೆ ಕಳ್ಳಸಾಗಣೆ ಇಲ್ಲದೆ ಇರುತ್ತಾ? ಸುಂಕದ ಕಟ್ಟೆ ತಪ್ಪಿಸಿ ಹೋಗೋ ದಾರಿಗೆ ಅವರು ‘ಕಿರಿದಾದ ದಾರಿ’ ಅಂತ ಹೆಸರಿಟ್ಟಿದ್ದರು. ಪುಶು-ಕೇನ್ ಅನ್ನೋ ದೊಡ್ಡ ವ್ಯಾಪಾರಿ ಇದೇ ವ್ಯವಹಾರದಲ್ಲಿ ಸಿಕ್ಕಿಬಿದ್ದು ಸೆರೆಮನೆ ಸೇರಿದ. ಈಗ ಕಾವಲು ಬಿಗಿಯಾಗಿದೆ, ರಾಣಿಯೇ ಸುತ್ತಲ ಊರುಗಳಿಗೆ ಪತ್ರ ಬರೆದಿದ್ದಾಳೆ, ನೀನು ಕಳ್ಳದಾರಿಗೆ ಇಳಿಯಬೇಡ ಅಂತ ಒಬ್ಬ ಇನ್ನೊಬ್ಬನಿಗೆ ಎಚ್ಚರಿಸೋ ಕಾಗದ ಉಳಿದಿದೆ.

ಪುಶು-ಕೇನ್‌ನ ಹೆಂಡತಿ ಲಾಮಸ್ಸಿ ಇದ್ದದ್ದು ಅಸ್ಸೂರಿನಲ್ಲಿ. ಆಕೆ ಮನೆ ಹೆಂಗಸರ ಜೊತೆ ಉಣ್ಣೆ ಬಟ್ಟೆ ನೇಯಿಸಿ ಕಾನೇಶಕ್ಕೆ ಕಳಿಸ್ತಿದ್ದಳು, ಅದರ ಬೆಳ್ಳಿ ಆಕೆಗೆ ವಾಪಸ್ ಬರಬೇಕಿತ್ತು. ಒಂದು ಕಾಗದದಲ್ಲಿ ಆಕೆಯ ದೂರಿನ ಸಾರಾಂಶ ಹೀಗಿದೆ: ನೀವು ಹೋದಮೇಲೆ ಆ ಶಾಲಿಮ್-ಅಹುಮ್ ಎರಡು ಸಲ ಮನೆ ಕಟ್ಟಿಸಿಕೊಂಡ, ನಾವು ಕಟ್ಟೋದು ಯಾವಾಗ? ತಾರಾಮ್-ಕೂಬಿ ಅನ್ನೋ ಇನ್ನೊಬ್ಬಳು ಗಂಡನಿಗೆ ಬರೆಯೋದು ಇನ್ನೂ ಖಾರ. ಮನೆ ಬರಿದು ಮಾಡಿ ಹೋದಿರಿ, ಊರಲ್ಲಿ ಬರಗಾಲ, ಇಷ್ಟಾದ್ರೂ ನಾನು ದುಂದು ಮಾಡ್ತಿದ್ದೀನಿ ಅಂತ ಬರೀತೀರಲ್ಲ, ಯಾವ ದುಂದು? ಫ್ರೆಂಚ್ ವಿದ್ವಾಂಸೆ ಸೆಸಿಲ್ ಮಿಶೆಲ್ 2020ರಲ್ಲಿ ಈ ಹೆಂಗಸರ ದಾಖಲೆಗಳನ್ನೆಲ್ಲ ಒಟ್ಟಿಗೆ ತಂದು ಪ್ರಕಟಿಸಿದ್ದಾರೆ. ನಾಲ್ಕು ಸಾವಿರ ವರ್ಷದ ಹಿಂದಿನ ಹೆಂಗಸರು ತಮ್ಮ ಲೆಕ್ಕ ತಾವೇ ಕೇಳ್ತಿದ್ದದ್ದು ಗೊತ್ತಾಗೋದು ಇಲ್ಲಿ.

ಸರಿ, ಕಳೆದುಹೋದ ಊರುಗಳ ಕಥೆಗೆ ವಾಪಸ್ ಬರೋಣ. ಈ ಕಾಗದಗಳಲ್ಲಿ ಊರಿನ ಹೆಸರುಗಳು ಪದೇಪದೇ ಬರ್ತವೆ. ಇಲ್ಲಿಂದ ಅಲ್ಲಿಗೆ ಸರಕು ಹೋಯ್ತು, ಅಲ್ಲಿಂದ ಇಂಥ ಊರಿಗೆ ತಲುಪಿಸು, ಹೀಗೆ. ಆ ನಾಲ್ವರು ಸುಮಾರು 12 ಸಾವಿರ ಫಲಕಗಳ ಪಠ್ಯ ಜಾಲಾಡಿ, ಯಾವ ಊರಿಂದ ಯಾವ ಊರಿಗೆ ಎಷ್ಟು ಸಲ ವ್ಯಾಪಾರದ ಓಡಾಟ ಅಂತ ಎಣಿಸಿದರು. ಒಟ್ಟು 26 ಊರು. 15 ಎಲ್ಲಿವೆ ಅಂತ ಗೊತ್ತು, 11 ಗೊತ್ತಿಲ್ಲ. ಆ 11ರಲ್ಲಿ ಪುರುಶ್‌ಹದ್ದುಮ್, ದುರ್ಹುಮಿತ್‌ನಂಥ ದೊಡ್ಡ ಮಾರುಕಟ್ಟೆಗಳೂ ಇವೆ.

ಆಮೇಲೆ ಬಳಸಿದ್ದು ‘ಗ್ರಾವಿಟಿ ಮಾಡೆಲ್’. ಗುರುತ್ವಾಕರ್ಷಣೆಯ ಮಾದರಿ. 1962ರಲ್ಲಿ ಯಾನ್ ಟಿನ್‌ಬರ್ಗನ್ ಇದನ್ನ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಅನ್ವಯಿಸಿದರು. ಅರ್ಥಶಾಸ್ತ್ರದ ಮೊದಲ ನೊಬೆಲ್ ಹಂಚಿಕೊಂಡ ಇಬ್ಬರಲ್ಲಿ ಅವರೂ ಒಬ್ಬರು. ಮಾದರಿ ಸರಳ. ಊರುಗಳು ದೊಡ್ಡದಾದಷ್ಟೂ ಅವುಗಳ ನಡುವೆ ವ್ಯಾಪಾರ ಜಾಸ್ತಿ, ದೂರ ಹೆಚ್ಚಾದಷ್ಟೂ ಕಡಿಮೆ. ಇದನ್ನೇ ತಿರುಗಿಸಿ ಹಾಕಿದರೆ? ವ್ಯಾಪಾರ ಎಷ್ಟಿತ್ತು ಅಂತ ಗೊತ್ತಿದ್ದರೆ ದೂರ ಎಷ್ಟಿರಬೇಕು ಅಂತ ಲೆಕ್ಕ ಹಾಕಬಹುದು.

ನಮ್ಮ ಕಡೆಯ ಉದಾಹರಣೆ ಕೊಡ್ತೀನಿ. ನಿಮಗೆ ಕರ್ನಾಟಕದ ಒಂದು ಊರಿನ ಹೆಸರು ಅಳಿಸಿಹೋದ ಬಸ್ ವೇಳಾಪಟ್ಟಿ ಕೊಟ್ಟೆ ಅಂದ್ಕೊಳ್ಳಿ. ಹುಬ್ಬಳ್ಳಿಗೆ ಬಸ್ ಮೇಲೆ ಬಸ್, ದಾವಣಗೆರೆಗೂ ಹಾಗೇ. ಮಂಗಳೂರಿಗೆ ಒಂದೋ ಎರಡೋ. ಬೀದರಿಗೆ ಇಲ್ಲವೇ ಇಲ್ಲ. ಊರು ಯಾವುದು ಅಂದ್ರೆ ನೀವು ಹಾವೇರಿ ಕಡೆ ಬೆರಳಿಡ್ತೀರಿ. ಬಸ್ಸಿನ ಬದಲು ಕತ್ತೆ, ನಾಲ್ಕೈದು ಊರಿನ ಬದಲು 26 ಊರು, ಊಹೆಯ ಬದಲು ಸಂಖ್ಯಾಶಾಸ್ತ್ರ. ಇಷ್ಟೇ ವ್ಯತ್ಯಾಸ.

ಫಲಿತಾಂಶ ಏನಾಯ್ತು? ಇತಿಹಾಸಕಾರರು ಬೇರೆ ಬೇರೆ ಸುಳಿವು ಹಿಡಿದು, ದಶಕಗಟ್ಟಲೆ ಓದಿ ಕೆಲವು ಊರುಗಳು ಇಂಥಲ್ಲಿ ಇರಬಹುದು ಅಂತ ಹೇಳಿದ್ದರು. ಹಲವು ಊರುಗಳ ವಿಷಯದಲ್ಲಿ ಲೆಕ್ಕವೂ ಅದೇ ಜಾಗದ ಹತ್ತಿರ ಬಂದು ನಿಂತಿತು. ಇಬ್ಬರು ಇತಿಹಾಸಕಾರರ ನಡುವೆ ವಾದ ಇದ್ದ ಕೆಲವು ಕಡೆ ಒಬ್ಬರ ಪರ ವಾಲಿತು. ಇನ್ನೊಂದು ವಿಷಯ ಹೊರಬಂತು. ಅಂದು ದೊಡ್ಡದಾಗಿ ಬೆಳೆದ ಊರುಗಳು ಹೆಚ್ಚಾಗಿ ಬೆಟ್ಟ, ಕಣಿವೆ ನೋಡಿಕೊಂಡು ಸಹಜವಾಗಿ ದಾರಿಗಳು ಕೂಡೋ ಜಾಗದಲ್ಲಿದ್ದವು. ನಾಲ್ಕು ಸಾವಿರ ವರ್ಷ ಕಳೆದರೂ ಆ ಜಾಗಗಳ ಮಹತ್ವ ಪೂರ್ತಿ ಅಳಿದಿಲ್ಲ. ಕಾನೇಶ್ ಹೋಯ್ತು, ಪಕ್ಕದಲ್ಲೇ ಕೈಸೇರಿ ಬೆಳೀತು.

ಹಾಗಂತ ಕಂಪ್ಯೂಟರ್ ಊರು ಕಂಡುಹಿಡಿದುಬಿಟ್ಟಿತು ಅಂತಲ್ಲ. ಲೆಕ್ಕ ಹೇಳೋದು ‘ಈ ಸುತ್ತಮುತ್ತ ನೋಡಿ’ ಅಂತ ಮಾತ್ರ. ಅಗೆದು, ಅಲ್ಲಿ ಊರಿನ ಹೆಸರಿರೋ ಬರಹ ಸಿಕ್ಕಾಗಲೇ ಮಾತು ಮುಗಿಯೋದು. ಇನ್ನೊಂದು ಮಿತಿ ಇದೆ. ವ್ಯಾಪಾರಿ ಕಾಲಿಡದ ಊರು ಈ ಲೆಕ್ಕಕ್ಕೆ ಕಾಣೋದೇ ಇಲ್ಲ. ಕತ್ತೆ ಹೊಡೆದುಕೊಂಡು ಆರು ವಾರ ನಡೆದವನು ಈ ಲೆಕ್ಕಗಳಲ್ಲಿ ಬರೋದು ಬಹುಪಾಲು ಖರ್ಚಿನ ಬಾಬ್ತಾಗಿ.

ಆದರೂ ನಾನು ಈ ಮಣ್ಣಿನ ಬಿಲ್ಲುಗಳನ್ನ ಬಹಳ ನಂಬ್ತೀನಿ. ಯಾಕೆ ಹೇಳ್ತೀನಿ. ರಾಜ ಶಾಸನ ಹಾಕಿಸೋದು ಮುಂದಿನವರು ಓದಲಿ ಅಂತ. ಅಲ್ಲಿ ಸೋಲು ಇರೋದು ಅಪರೂಪ. ವ್ಯಾಪಾರಿ ಲೆಕ್ಕ ಬರೆಯೋದು ನಾಳೆ ಜಗಳ ಆದರೆ ಇರಲಿ ಅಂತ. ನಮ್ಮ ಅಯ್ಯಾವೊಳೆ ಐನೂರ್ವರನ್ನೇ ತಗೊಳ್ಳಿ. ಐಹೊಳೆಯ ಹೆಸರು ಹೊತ್ತ, ದಕ್ಷಿಣ ಭಾರತವನ್ನೆಲ್ಲ ಸುತ್ತಿದ ವ್ಯಾಪಾರಿ ಸಂಘ. ಅವರ ಶಾಸನಗಳಲ್ಲಿ ಆನೆ, ಕುದುರೆ, ರತ್ನ, ಏಲಕ್ಕಿ, ಲವಂಗ, ಕರ್ಪೂರ ಎಲ್ಲ ಬರುತ್ತೆ. ತಮ್ಮ ಬಗ್ಗೆ ಹೊಗಳಿಕೆ ಇದೆ, ದೇವಸ್ಥಾನಕ್ಕೆ ಕೊಟ್ಟ ದಾನದ ವಿವರ ಇದೆ. ಆದರೆ ಯಾವ ಸರಕಿನಲ್ಲಿ ಎಷ್ಟು ಕಳಕೊಂಡರು, ಮನೆಯಾಕೆ ಏನಂತ ಬೈದಳು ಅನ್ನೋದನ್ನ ಯಾರೂ ಕಲ್ಲಿನಲ್ಲಿ ಕೆತ್ತಿಸಲ್ಲ. ಅದು ಇರೋದು ದಿನದ ಲೆಕ್ಕದಲ್ಲಿ. ಕಾನೇಶದ ಅದೃಷ್ಟ ಅಂದ್ರೆ ಅವರ ‘ಕಾಗದ’ ಮಣ್ಣಿನದು. ಸುಮಾರು ಕ್ರಿ.ಪೂ. 1835ರ ಹೊತ್ತಿಗೆ ಕೇರಿಗೆ ಬೆಂಕಿ ಬಿತ್ತು, ಮನೆಗಳು ಉರಿದವು, ಫಲಕಗಳು ಮಣ್ಣಿನಡಿ ಉಳಿದುಕೊಂಡವು.

ಈಗ ಆತಂಕದ ವಿಷಯ. ಕಾನೇಶದಲ್ಲಿ ಸಿಕ್ಕಿದ್ದರಲ್ಲಿ ಅಸ್ಸೂರಿನಿಂದ ಬಂದ ಕಾಗದಗಳಿವೆ. ಇಲ್ಲಿಂದ ಅಲ್ಲಿಗೆ ಹೋದ ಉತ್ತರಗಳು ಅಸ್ಸೂರಿನ ಮನೆಗಳಲ್ಲಿ ಇರಬೇಕು. ಪುಶು-ಕೇನ್ ಹೆಂಡತಿಗೆ ಏನು ಜವಾಬು ಕೊಟ್ಟ ಅನ್ನೋದು ಅಲ್ಲಿರಬೇಕು. ಆದರೆ ಅಸ್ಸೂರಿನಲ್ಲಿ ಆ ಕಾಲದ ಫಲಕಗಳು ಬೆರಳೆಣಿಕೆಯಷ್ಟೇ ಸಿಕ್ಕಿವೆ. 2003ರಲ್ಲಿ ಯುನೆಸ್ಕೋ ಅಸ್ಸೂರನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗಲೇ ಅಪಾಯದಲ್ಲಿರೋ ತಾಣ ಅಂತಲೂ ಘೋಷಿಸಿತು. ಕಾರಣ, ಟೈಗ್ರಿಸ್‌ಗೆ ಅಡ್ಡವಾಗಿ ಕಟ್ಟಬೇಕು ಅಂತಿದ್ದ ಮಖೂಲ್ ಅಣೆಕಟ್ಟೆ. ಆಲಮಟ್ಟಿ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆ ಮುಳುಗಿದ್ದನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ನೀರು ನುಗ್ಗಿದರೆ ಹೋಗೋದು ಗೋಡೆಗಳಷ್ಟೇ ಅಲ್ಲ, ಅರ್ಧ ಮಾತ್ರ ಕೇಳಿಸಿಕೊಂಡ ಒಂದು ಸಂಭಾಷಣೆಯ ಉಳಿದರ್ಧ.

ಕೊನೆಯದಾಗಿ ಒಂದು ಮಾತು. ನಾವು ಫೈಲಿಗೆ ಕಡತ ಅಂತೀವಲ್ಲ, ಆ ಪದ ಬಂದಿದ್ದು ಹಳೇ ಕಾಲದ ಲೆಕ್ಕದ ಪುಸ್ತಕದಿಂದ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು, ಮಡಚಿ, ಬಳಪದಲ್ಲಿ ಬರೀತಿದ್ದರು. ಶೃಂಗೇರಿ ಮಠದಲ್ಲಿ ಉಳಿದ ಕಡತಗಳನ್ನ ಇತಿಹಾಸಕಾರರು ಇವತ್ತಿಗೂ ಓದ್ತಾರೆ. ನಿಮ್ಮ ಮನೆಯ ಅಟ್ಟದ ಮೇಲೆ ತಾತನ ಅಂಗಡಿಯ ಖಾತೆ ಪುಸ್ತಕ ಇದ್ದರೆ, ರದ್ದಿಗೆ ಹಾಕೋ ಮೊದಲು ಪುಟ ಪುಟವೂ ಫೋಟೋ ತೆಗೆದಿಡಿ. ಯಾರಿಗೆ ಎಷ್ಟು ಸಾಲ, ಅಕ್ಕಿ ಸೇರಿಗೆ ಎಷ್ಟು, ಯಾವ ಊರಿಂದ ಗಾಡಿ ಬಂತು. ಅದರಲ್ಲಿ ಇರೋದು ಅಷ್ಟೇ ಇರಬಹುದು. ಲಾಮಸ್ಸಿಯ ಕಾಗದದಲ್ಲಿ ಇದ್ದದ್ದೂ ಅಷ್ಟೇ.