ನೆತ್ತಿಯ ಮೇಲಿನ ಬಿಸಿಲು: ಕೂದಲಿಗೇನು, ಚರ್ಮಕ್ಕೇನು?

ಬೇಸಿಗೆ ಬಂತೆಂದರೆ ಮುಖಕ್ಕೆ ಲೇಪನ ಹಚ್ಚಿಕೊಳ್ಳುವವರಿದ್ದಾರೆ, ಕಣ್ಣಿಗೆ ತಂಪು ಕನ್ನಡಕ ಧರಿಸುವವರಿದ್ದಾರೆ. ಆದರೆ ಬಿಸಿಲು ನೇರವಾಗಿ ಬೀಳುವ ನೆತ್ತಿಯ ಬಗ್ಗೆ ಯೋಚಿಸುವವರು ವಿರಳ. ಯೋಚಿಸಿದರೂ ಕೂದಲು ಒರಟಾಯಿತು, ಬಣ್ಣಗೆಟ್ಟಿತು ಎಂಬ ಚಿಂತೆಯೇ ಹೆಚ್ಚು. ವಾಸ್ತವದಲ್ಲಿ ಹಾಳಾದ ಕೂದಲನ್ನು ಕತ್ತರಿಸಿದರೆ ಹೊಸದು ಬೆಳೆಯುತ್ತದೆ. ಅದನ್ನು ಬೆಳೆಸುವ ನೆತ್ತಿಯ ಚರ್ಮಕ್ಕಾದ ಹಾನಿ ಮಾತ್ರ ವರ್ಷದಿಂದ ವರ್ಷಕ್ಕೆ ಸಂಚಯವಾಗುತ್ತ ಹೋಗುತ್ತದೆ. ಆದ್ದರಿಂದ ಇವೆರಡನ್ನೂ ಬೇರೆ ಬೇರೆಯಾಗಿ ಅರಿಯುವುದು ಅಗತ್ಯ.

ನಮ್ಮ ನಾಡಿನ ಬಿಸಿಲು

ಇಡೀ ಕರ್ನಾಟಕ ಸಮಭಾಜಕ ವೃತ್ತ ಮತ್ತು ಕರ್ಕಾಟಕ ಸಂಕ್ರಾಂತಿ ವೃತ್ತಗಳ ನಡುವೆ ಇದೆ. ಹೀಗಾಗಿ ವರ್ಷಕ್ಕೆ ಎರಡು ಬಾರಿ ಸೂರ್ಯ ನಮ್ಮ ನಡುನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24-25ರ ಹಾಗೂ ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ನೆರಳೇ ಕಾಣದ ಕ್ಷಣ ಬರುತ್ತದೆ. ಉತ್ತರದ ಬೀದರ್‌ನಲ್ಲಿ ಇದು ಮೊದಲು ಸಂಭವಿಸುವುದು ಮೇ ತಿಂಗಳ ಎರಡನೇ ವಾರದಲ್ಲಿ. ಆಗ ಕಿರಣಗಳು ಮುಖಕ್ಕಿಂತ ಹೆಚ್ಚಾಗಿ ತಲೆಯ ಮೇಲೆ ಬೀಳುತ್ತವೆ.

ಚರ್ಮಕ್ಕೆ ಹಾನಿ ಮಾಡುವುದು ಮುಖ್ಯವಾಗಿ ಬಿಸಿಲಿನ ಶಾಖವಲ್ಲ, ಅದರಲ್ಲಿರುವ ನೇರಳಾತೀತ ಕಿರಣಗಳು. ಇವುಗಳ ತೀವ್ರತೆಯನ್ನು ಅಳೆಯುವ ಸೂಚ್ಯಂಕವು 11 ದಾಟಿದರೆ ಅದನ್ನು ‘ಅತಿ ತೀವ್ರ’ ಎಂದು ವಿಶ್ವ ಆರೋಗ್ಯ ಸಂಸ್ಥೆ ವರ್ಗೀಕರಿಸಿದೆ. ಮಾರ್ಚ್‌ನಿಂದ ಮೇವರೆಗಿನ ನಿರಭ್ರ ಮಧ್ಯಾಹ್ನಗಳಲ್ಲಿ ದಕ್ಷಿಣ ಭಾರತದಲ್ಲಿ ಈ ಮಟ್ಟ ತಲುಪುವುದು ಸಾಮಾನ್ಯ. ಸಮುದ್ರಮಟ್ಟದಿಂದ ಪ್ರತಿ 1000 ಮೀಟರ್ ಎತ್ತರಕ್ಕೆ ಈ ಕಿರಣಗಳ ಪ್ರಮಾಣ ಶೇ. 10ರಷ್ಟು ಹೆಚ್ಚುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಗಾಳಿ ತಂಪಾಗಿದೆಯೆಂದು ಅಲ್ಲಿನ ಬಿಸಿಲು ಸೌಮ್ಯವೆಂದು ಭಾವಿಸುವಂತಿಲ್ಲ. ತೆಳುಮೋಡಗಳೂ ಈ ಕಿರಣಗಳನ್ನು ಪೂರ್ಣವಾಗಿ ತಡೆಯುವುದಿಲ್ಲ.

ಕೂದಲಿಗೆ ಏನಾಗುತ್ತದೆ?

ಚರ್ಮದಿಂದ ಹೊರಬಂದ ಕೂದಲಿನ ಎಳೆಯಲ್ಲಿ ಜೀವಕೋಶಗಳಿರುವುದಿಲ್ಲ. ಕೆರಾಟಿನ್ ಎಂಬ ಪ್ರೋಟೀನಿನಿಂದಾದ ಆ ಎಳೆಯ ಹೊರಮೈಯಲ್ಲಿ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಪದರಗಳಿರುತ್ತವೆ. ಅವುಗಳ ಮೇಲೊಂದು ಸೂಕ್ಷ್ಮವಾದ ಜಿಡ್ಡಿನ ಲೇಪವಿದ್ದು, ಹೊಳಪು ಹಾಗೂ ನುಣುಪಿಗೆ ಅದೇ ಕಾರಣ. ಬಿಸಿಲು ಈ ಜಿಡ್ಡನ್ನು ಕರಗಿಸಿ, ಪದರಗಳನ್ನು ಎಬ್ಬಿಸಿ, ಒಳಗಿನ ಗಂಧಕದ ಬಂಧಗಳನ್ನು ಮುರಿಯುತ್ತದೆ. ನೇರಳಾತೀತ ‘ಬಿ’ ಕಿರಣಗಳಿಂದ ಪ್ರೋಟೀನ್ ನಷ್ಟವೂ ‘ಎ’ ಕಿರಣಗಳಿಂದ ಬಣ್ಣದ ಬದಲಾವಣೆಯೂ ಹೆಚ್ಚಾಗಿ ಆಗುತ್ತವೆ. ಕೂದಲು ಒಣಗಿ, ಸಿಕ್ಕುಗಟ್ಟಿ, ತುದಿ ಸೀಳುವುದು ಇದರ ಪರಿಣಾಮ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 30 ಸೆಂಟಿಮೀಟರ್ ಉದ್ದದ ಜಡೆಯ ತುದಿ ಎರಡೂವರೆ ವರ್ಷದ ಬಿಸಿಲು ಕಂಡಿರುತ್ತದೆ. ತುದಿಯೇ ಮೊದಲು ಕೆಂಚಾಗುವುದು, ಸೀಳುವುದು ಇದೇ ಕಾರಣಕ್ಕೆ. ಜೀವವಿಲ್ಲದ ಈ ಎಳೆ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳಲಾರದು. ಯಾವ ಶ್ಯಾಂಪೂ, ಕಂಡೀಷನರ್ ಆದರೂ ಮೇಲ್ಮೈಯನ್ನು ತಾತ್ಕಾಲಿಕವಾಗಿ ನಯಗೊಳಿಸಬಲ್ಲದೇ ಹೊರತು ಸೀಳಿದ ತುದಿಯನ್ನು ಕೂಡಿಸಲಾರದು.

ಕಪ್ಪು ಬಣ್ಣ ಕೊಡುವ ಮೆಲನಿನ್ ಕೂದಲಿಗೆ ಒಂದು ಸಹಜ ರಕ್ಷಣೆ. ನರೆತ ಕೂದಲಿಗೆ ಆ ರಕ್ಷಣೆಯಿಲ್ಲ. ಬಿಸಿಲಿಗೆ ಅದು ಹಳದಿಯಾಗುವುದುಂಟು. ಬಣ್ಣ ಹಚ್ಚುವ ಮೊದಲು ಬ್ಲೀಚ್ ಮಾಡಿಸಿಕೊಂಡವರ ಕೂದಲಿನಲ್ಲೂ ಮೆಲನಿನ್ ನಾಶವಾಗಿರುವುದರಿಂದ ಹಾನಿ ಬೇಗ ಕಾಣಿಸಿಕೊಳ್ಳುತ್ತದೆ.

ಬಿಸಿಲಿನಿಂದ ಬೋಳು ಬರುತ್ತದೆಯೇ?

ಇಲ್ಲ. ಪುರುಷರಲ್ಲಿ ಕಾಣುವ ಸಾಮಾನ್ಯ ಬೋಳುತಲೆಗೆ ವಂಶವಾಹಿ ಹಾಗೂ ಹಾರ್ಮೋನುಗಳು ಕಾರಣ. ಕೂದಲಿನ ಬೇರು ಚರ್ಮದ ಮೇಲ್ಮೈಯಿಂದ ಕೆಲವು ಮಿಲಿಮೀಟರ್ ಆಳದಲ್ಲಿದ್ದು, ‘ಬಿ’ ಕಿರಣಗಳು ಅಲ್ಲಿಯವರೆಗೆ ತಲುಪುವುದಿಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದೂ ಸಹಜವೇ. ಆದರೆ ಸಂಬಂಧ ತಿರುಗುಮುರುಗಾಗಿದೆ: ಬಿಸಿಲು ಬೋಳು ತರುವುದಿಲ್ಲ, ಬೋಳು ಬಿಸಿಲನ್ನು ಚರ್ಮದವರೆಗೆ ತರುತ್ತದೆ.

ನೆತ್ತಿಯೇ ಮುಖ್ಯ

ದಟ್ಟ ಕೂದಲು ನೆತ್ತಿಗೆ ಕೊಡೆಯಿದ್ದಂತೆ. ಅದು ವಿರಳವಾದಂತೆ, ಬೈತಲೆ ಅಗಲವಾದಂತೆ ಚರ್ಮ ತೆರೆದುಕೊಳ್ಳುತ್ತದೆ. ತೀವ್ರ ಬಿಸಿಲಿಗೆ ಒಡ್ಡಿಕೊಂಡ ಕೆಲವೇ ಗಂಟೆಗಳಲ್ಲಿ ನೆತ್ತಿ ಕೆಂಪಾಗಿ ಉರಿಯಬಹುದು. ಕೆಲವು ದಿನಗಳ ನಂತರ ಸಿಪ್ಪೆ ಏಳುತ್ತದೆ. ಇದನ್ನು ಹೊಟ್ಟೆಂದು ತಪ್ಪು ತಿಳಿದು ಹೊಟ್ಟಿನ ಶ್ಯಾಂಪೂ ಹಾಕಿ ತಿಕ್ಕಿದರೆ ಉರಿ ಹೆಚ್ಚುತ್ತದೆ. ತಣ್ಣೀರು ಹಾಗೂ ಒಂದೆರಡು ದಿನ ಬಿಸಿಲಿನಿಂದ ದೂರವಿರುವುದೇ ಇದಕ್ಕೆ ಮೊದಲ ಉಪಚಾರ.

ದೀರ್ಘಕಾಲದ ಬಿಸಿಲಿನ ಪರಿಣಾಮ ಇದಕ್ಕಿಂತ ಗಂಭೀರ. ಬೋಳು ನೆತ್ತಿಯ ಮೇಲೆ ಮರಳು ಕಾಗದದಂತೆ ಒರಟಾದ ಮಚ್ಚೆಗಳು ಮೂಡಬಹುದು. ಇವುಗಳಲ್ಲಿ ಕೆಲವು ಮುಂದೆ ಚರ್ಮದ ಕ್ಯಾನ್ಸರಿಗೆ ತಿರುಗುವ ಸಂಭವವಿದೆ. ಕಪ್ಪು, ಗೋಧಿ ಮೈಬಣ್ಣದವರಲ್ಲಿ ಈ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ ಎಂಬುದು ನಿಜ. ‘ನಮಗೆ ಬರುವುದಿಲ್ಲ’ ಎಂಬ ಈ ನಂಬಿಕೆಯೇ ತಡವಾದ ಪತ್ತೆಗೆ ದಾರಿ ಮಾಡುತ್ತದೆ. ತೊನ್ನು ಅಥವಾ ಹುಟ್ಟಿನಿಂದಲೇ ವರ್ಣಹೀನತೆ ಇರುವವರು ಸುಡುವಿಕೆಯಿಂದ ವಿಶೇಷವಾಗಿ ಎಚ್ಚರ ವಹಿಸಬೇಕು.

ಲೂಪಸ್ ಎಂಬ ಕಾಯಿಲೆಯ ಒಂದು ಬಗೆಯಲ್ಲಿ ನೆತ್ತಿಯ ಮೇಲೆ ದುಂಡನೆಯ ಮಚ್ಚೆಗಳೆದ್ದು, ಕಲೆಗಟ್ಟಿ, ಅಲ್ಲಿನ ಕೂದಲು ಶಾಶ್ವತವಾಗಿ ನಾಶವಾಗುತ್ತದೆ. ಬಿಸಿಲು ಇದನ್ನು ಉಲ್ಬಣಗೊಳಿಸುತ್ತದೆ. ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್‌ನಂಥ ಔಷಧಗಳೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ಇವನ್ನು ಸೇವಿಸುವವರು ತಾವಾಗಿಯೇ ನಿಲ್ಲಿಸದೆ ವೈದ್ಯರೊಂದಿಗೆ ಚರ್ಚಿಸಬೇಕು.

ಎಣ್ಣೆ ಕಾಪಾಡುತ್ತದೆಯೇ?

ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ ಎಂಬುದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ಖನಿಜ ತೈಲ, ಸೂರ್ಯಕಾಂತಿ ಎಣ್ಣೆಗಳಿಗೆ ಈ ಗುಣ ಕಾಣಲಿಲ್ಲ. ಅಜ್ಜಿಯರ ಎಣ್ಣೆಸ್ನಾನಕ್ಕೆ ಹೀಗೆ ಆಧಾರವುಂಟು. ಆದರೆ ಎಣ್ಣೆಯನ್ನು ಬಿಸಿಲಿನ ರಕ್ಷಾಲೇಪವೆಂದು ನೆಚ್ಚಿ ಮಧ್ಯಾಹ್ನ ಹೊರಗೆ ನಿಲ್ಲುವುದು ಸರಿಯಲ್ಲ. ಒದ್ದೆಗೂದಲು ಉಬ್ಬಿ ದುರ್ಬಲವಾಗಿರುವುದರಿಂದ ಅದನ್ನು ತಾರಸಿಯ ಉರಿಬಿಸಿಲಿಗಿಂತ ನೆರಳಿನ ಗಾಳಿಯಲ್ಲಿ ಆರಿಸುವುದು ಲೇಸು.

ರಕ್ಷಣೆಯ ಕ್ರಮಗಳು

* ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಬರಿದಲೆಯಲ್ಲಿ ದೀರ್ಘಕಾಲ ಹೊರಗಿರಬೇಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಪ್ರಬಲವಾಗಿದೆಯೆಂದು ತಿಳಿಯಿರಿ.
* ಕೊಡೆ, ಸೆರಗು, ಒತ್ತಾದ ನೇಯ್ಗೆಯ ಬಟ್ಟೆ ಎಲ್ಲವೂ ಉಪಯುಕ್ತ. ಉತ್ತರ ಕರ್ನಾಟಕದ ರೈತರ ರುಮಾಲು, ಕರಾವಳಿಯ ಅಡಿಕೆ ಹಾಳೆಯ ಮುಟ್ಟಾಳೆ ಇವು ಅನುಭವದಿಂದ ಹುಟ್ಟಿದ ರಕ್ಷಣೆಗಳು. ಕ್ರಿಕೆಟ್ ಟೋಪಿ ಕಿವಿ ಹಾಗೂ ಕತ್ತನ್ನು ಮುಚ್ಚುವುದಿಲ್ಲ. ಸುತ್ತಲೂ ಅಂಚಿರುವ ಟೋಪಿ ಉತ್ತಮ.
* ಕೂದಲು ವಿರಳವಾಗಿರುವವರು ನೆತ್ತಿಗೆ, ಉಳಿದವರು ಬೈತಲೆಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಬಹುದು. ಹೊರಗಿರುವಾಗ ಎರಡು ಗಂಟೆಗೊಮ್ಮೆ, ಬೆವರಿದರೆ ಇನ್ನೂ ಬೇಗ, ಮತ್ತೆ ಹಚ್ಚಬೇಕು.
* ಹೆಲ್ಮೆಟ್ಟಿನಿಂದ ಕೂದಲು ಉದುರುತ್ತದೆಂದು ಅದನ್ನು ತೊರೆಯಬೇಡಿ. ಒಳಗೆ ತೆಳುವಾದ ಹತ್ತಿಬಟ್ಟೆ ಕಟ್ಟಿ, ಅದನ್ನು ದಿನವೂ ಒಗೆಯಿರಿ.

ವೈದ್ಯರ ಬಳಿ ಯಾವಾಗ?

ನಾಲ್ಕು ವಾರವಾದರೂ ಮಾಯದ ಹುಣ್ಣು, ಮತ್ತೆ ಮತ್ತೆ ರಕ್ತ ಜಿನುಗುವ ಗಾಯ, ಒರಟು ಹಕ್ಕಳೆ, ಗಾತ್ರ ಅಥವಾ ಬಣ್ಣ ಬದಲಿಸುವ ಮಚ್ಚೆ, ಕಲೆಗಟ್ಟಿ ಕೂದಲುದುರಿದ ಜಾಗ ಇವು ಕಂಡರೆ ಚರ್ಮರೋಗ ತಜ್ಞರನ್ನು ಕಾಣಲೇಬೇಕು. ತೊಡಕೆಂದರೆ, ತನ್ನ ನೆತ್ತಿಯನ್ನು ತಾನು ನೋಡಿಕೊಳ್ಳುವುದು ಯಾರಿಗೂ ಸುಲಭವಲ್ಲ. ಅದನ್ನು ಮೊದಲು ಕಾಣುವವರು ಕ್ಷೌರಿಕರು, ತಲೆ ಬಾಚುವ ಮನೆಮಂದಿ. ಮುಂದಿನ ಬಾರಿ ಕೂದಲು ಕತ್ತರಿಸಿಕೊಳ್ಳುವಾಗ ‘ನೆತ್ತಿಯಲ್ಲಿ ಏನಾದರೂ ಕಾಣುತ್ತದೆಯೇ?’ ಎಂದು ಕೇಳಿ. ಮನೆಯಲ್ಲಿ ಕೂದಲು ವಿರಳವಾದ ಹಿರಿಯರಿದ್ದರೆ ತಿಂಗಳಿಗೊಮ್ಮೆ ಬೆಳಕಿನಲ್ಲಿ ಕೂರಿಸಿ ಅವರ ನೆತ್ತಿಯನ್ನು ನೋಡಿ. ಆರಂಭದಲ್ಲೇ ಪತ್ತೆಯಾದ ಚರ್ಮದ ಕ್ಯಾನ್ಸರುಗಳಲ್ಲಿ ಬಹುಪಾಲು ಗುಣಪಡಿಸಬಹುದಾದವು.