ಹಿಮಗಡಲಿನ ಸೀಮೆಎಣ್ಣೆ: ಸಖಾಲಿನ್ ತೈಲಕ್ಷೇತ್ರ ಮತ್ತು ಹಾಸನ ಸೀಮೆಯ ಇಂಧನ ಚರಿತ್ರೆ

ಹಾಸನದ ಸುತ್ತಿನ ಆಲೂಗಡ್ಡೆ ಹೊಲಗಳ ನಡುವೆ ಅಲ್ಲಲ್ಲಿ ಹಳದಿ ಬಣ್ಣದ ಗುರುತುಗಂಬಗಳು ಕಾಣುತ್ತವೆ. ಕಂಬದ ಮೇಲೆ ಎಚ್ಚರಿಕೆಯ ಮಾತಿದೆ, ಕಿಲೋಮೀಟರ್ ಸಂಖ್ಯೆಯಿದೆ. ಊರಿನವರನ್ನು ಕೇಳಿದರೆ ‘ಇಲ್ಲಿ ಎಣ್ಣೆ ಪೈಪು ಹೋಗಿದೆ’ ಎನ್ನುತ್ತಾರೆ. ಆ ಎಣ್ಣೆ ಎಲ್ಲಿಯದು, ಯಾವ ದಾರಿಯಲ್ಲಿ ಇಲ್ಲಿಗೆ ಬಂತು ಎಂಬುದು ನಮ್ಮ ಜಿಲ್ಲಾ ಚರಿತ್ರೆಯ ಬರವಣಿಗೆಯಲ್ಲಿ ಸೇರಬೇಕಾದ ಪ್ರಶ್ನೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಇಂಧನ ಚರಿತ್ರೆಯ ಒಂದು ತುದಿ ವರ್ಷದ ಅರ್ಧಭಾಗ ಹೆಪ್ಪುಗಟ್ಟುವ ಕಡಲಿನಲ್ಲಿದೆ. ಆ ತುದಿಯನ್ನು ಬಿಟ್ಟು ಬರೆದ ಚರಿತ್ರೆ ಅಪೂರ್ಣ ಎಂಬುದು ಈ ಲೇಖನದ ವಾದ.

ಗಾಣದಿಂದ ಸೀಮೆಎಣ್ಣೆಗೆ

ಎಣ್ಣೆ ಈ ನಾಡಿಗೆ ಹೊಸದಲ್ಲ. ಹಳೆಯ ಮೈಸೂರು ಸಂಸ್ಥಾನದ ದಾಖಲೆಗಳು ಗಾಣಿಗರನ್ನು ಅವರ ಗಾಣದ ಬಗೆಯಿಂದಲೇ ಗುರುತಿಸುತ್ತವೆ: ಕಲ್ಲುಗಾಣಕ್ಕೆ ಜೋಡಿ ಎತ್ತು ಕಟ್ಟುವ ಹೆಗ್ಗಾಣಿಗರು, ಮರದ ಗಾಣದ ಕಿರುಗಾಣಿಗರು, ಒಂದೇ ಎತ್ತು ಹೂಡುವ ಒಂಟೆತ್ತು ಗಾಣಿಗರು. ಹರಳು, ಹುಚ್ಚೆಳ್ಳು, ಕೊಬ್ಬರಿ, ಹೊಂಗೆಬೀಜ ಎಲ್ಲವೂ ಕಣ್ಣಳತೆಯ ಹೊಲದಲ್ಲಿ, ಬದುವಿನಲ್ಲಿ ಸಿಗುತ್ತಿದ್ದವು. ದೀಪಕ್ಕೆ ಎಣ್ಣೆ ಎಲ್ಲಿಂದ ಬಂತೆಂದು ಯಾರೂ ಕೇಳಬೇಕಿರಲಿಲ್ಲ. ಬೀಜ ಆರಿಸಿದವರೇ ದೀಪ ಹಚ್ಚುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ, ಬಾಕುವಿನಿಂದ, ಆಮೇಲೆ ಬರ್ಮಾದಿಂದ ತಗಡಿನ ಡಬ್ಬಿಗಳಲ್ಲಿ ನೆಲದೆಣ್ಣೆ ಬಂದಾಗ ಈ ನಂಟು ಸಡಿಲವಾಯಿತು. ಕನ್ನಡಿಗರು ಅದಕ್ಕೆ ಸೀಮೆಎಣ್ಣೆ ಎಂದರು. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸುಗಳಲ್ಲಿರುವಂತೆ ಇಲ್ಲಿಯೂ ‘ಸೀಮೆ’ ಎಂದರೆ ಹೊರನಾಡು. ಎಣ್ಣೆಯ ಬಣ್ಣ, ವಾಸನೆ, ಉಪಯೋಗಗಳನ್ನು ಬಿಟ್ಟು ಅದರ ಮೂಲವನ್ನೇ ಹೆಸರಾಗಿಸಿದ ಈ ಪದದಲ್ಲಿ ಒಂದು ಚಾರಿತ್ರಿಕ ಅರಿವಿದೆ. ಪೆಟ್ರೋಲು, ಡೀಸೆಲ್‌ಗಳ ಕಾಲಕ್ಕೆ ಆ ಅರಿವು ಮಾಸಿತು. ಅದನ್ನು ಮತ್ತೆ ತಿಳಿಯಾಗಿಸಲು ಬಲು ದೂರದ ಒಂದು ದ್ವೀಪಕ್ಕೆ ಹೋಗಬೇಕು.

ಓಖೋಟ್ಸ್ಕ್ ಕಡಲಿನಲ್ಲಿ

ರಷ್ಯಾದ ಪೂರ್ವದ ಅಂಚಿನಲ್ಲಿರುವ ಸಖಾಲಿನ್ ದ್ವೀಪ ಆರ್ಕ್ಟಿಕ್ ವೃತ್ತದ ದಕ್ಷಿಣಕ್ಕಿದೆ. ಆದರೂ ಅದರ ಈಶಾನ್ಯ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು ಆರು ತಿಂಗಳು ಕಡಲು ಹೆಪ್ಪುಗಟ್ಟುವುದರಿಂದ, ಅಲ್ಲಿ ಕೆಲಸ ಮಾಡಲು ಆರ್ಕ್ಟಿಕ್ ಕಡಲಿನ ತಂತ್ರಜ್ಞಾನವೇ ಬೇಕು. ಚಾಯ್ವೊ, ಒಡೊಪ್ಟು, ಅರ್ಕುತುನ್-ದಾಗಿ ಎಂಬ ಮೂರು ಕ್ಷೇತ್ರಗಳ ‘ಸಖಾಲಿನ್-1’ ಯೋಜನೆಯ ಉತ್ಪಾದನಾ ಹಂಚಿಕೆ ಒಪ್ಪಂದ 1996ರಲ್ಲಿ ಜಾರಿಗೆ ಬಂತು. 2001ರಲ್ಲಿ ಭಾರತದ ಸಾರ್ವಜನಿಕ ವಲಯದ ಒಎನ್‌ಜಿಸಿ ವಿದೇಶ್ ಕಂಪನಿ ಇದರಲ್ಲಿ ಶೇ. 20ರ ಪಾಲು ಪಡೆಯಿತು. ಶೇ. 30ರ ಪಾಲಿನ ಎಕ್ಸಾನ್ ಕಂಪನಿಯ ಅಂಗಸಂಸ್ಥೆ ನಿರ್ವಹಣೆ ವಹಿಸಿಕೊಂಡಿತ್ತು. ಜಪಾನಿನ ಸೊಡೆಕೊ ಮತ್ತು ರಷ್ಯಾದ ರೋಸ್ನೆಫ್ಟ್ ಉಳಿದ ಪಾಲುದಾರರು.

ಅಲ್ಲಿನ ಕಷ್ಟ ಮೂರು ಬಗೆಯದು. ಗಾಳಿಗೆ ತೇಲಿ ಬರುವ ಹಿಮದ ಹಾಸುಗಳು ಕಡಲಿನಲ್ಲಿ ನಿಂತ ಯಾವ ಕಟ್ಟಡವನ್ನಾದರೂ ನೂಕುತ್ತವೆ. ಒಂದರ ಮೇಲೊಂದು ಏರಿ ದಿಬ್ಬವಾದ ಹಿಮದ ತಳಭಾಗ ಆಳವಿಲ್ಲದ ಕಡೆ ಸಮುದ್ರದ ನೆಲವನ್ನೇ ನೇಗಿಲಿನಂತೆ ಸೀಳುತ್ತದೆ. ಆದ್ದರಿಂದ ಇಂಥ ಕಡಲುಗಳಲ್ಲಿ ಕೊಳವೆಯನ್ನು ಆ ಸೀಳು ತಾಗದಷ್ಟು ಆಳದಲ್ಲಿ ಹೂಳಬೇಕು. ಇವೆರಡರ ಜೊತೆಗೆ ಭೂಕಂಪ: 1995ರ ಮೇ 28ರಂದು ಇದೇ ದ್ವೀಪದ ನೆಫ್ಟೆಗೊರ್ಸ್ಕ್ ಪಟ್ಟಣ ನೆಲಸಮವಾಗಿ ಸುಮಾರು 2,000 ಜನ ಸತ್ತರು.

ಈ ಕಷ್ಟಕ್ಕೆ ಎಂಜಿನಿಯರುಗಳು ಎರಡು ದಾರಿ ಹುಡುಕಿದರು. ಮೊದಲನೆಯದು, ಸಾಧ್ಯವಾದಷ್ಟೂ ಕಡಲಿಗೆ ಇಳಿಯದಿರುವುದು. ‘ಯಾಸ್ಟ್ರೆಬ್’ ಎಂಬ ಭಾರೀ ಕೊರೆಯಂತ್ರವನ್ನು ದಡದ ಮೇಲೆ ನಿಲ್ಲಿಸಿ, ಬಾವಿಯನ್ನು ಕೆಳಕ್ಕೆ ಕೊರೆದು, ಅಲ್ಲಿಂದ ಓರೆಯಾಗಿ ಹೊರಳಿಸಿ ಸಮುದ್ರದ ನೆಲದಡಿಯಲ್ಲೇ ಕಿಲೋಮೀಟರುಗಟ್ಟಲೆ ಸಾಗಿಸಿದರು. 2012ರಲ್ಲಿ ಚಾಯ್ವೊದ ಒಂದು ಬಾವಿಯ ಉದ್ದ 12,376 ಮೀಟರ್ ಮುಟ್ಟಿ ಆ ಕಾಲಕ್ಕೆ ಜಗತ್ತಿನ ದಾಖಲೆಯಾಯಿತು. ಎರಡನೆಯದು ‘ಓರ್ಲಾನ್’ ವೇದಿಕೆ. ಉಕ್ಕು ಮತ್ತು ಕಾಂಕ್ರೀಟಿನ ಈ ಕಟ್ಟಡ ಮೊದಲು ಇದ್ದದ್ದು ಅಲಾಸ್ಕದ ಬ್ಯೂಫೋರ್ಟ್ ಸಮುದ್ರದಲ್ಲಿ. ನಿಜವಾದ ಆರ್ಕ್ಟಿಕ್ ನೀರಿನಲ್ಲಿ ಹಿಮದ ನೂಕನ್ನು ತಡೆದು ಅಭ್ಯಾಸವಾಗಿದ್ದ ಅದನ್ನು ಮಾರ್ಪಡಿಸಿ 2005ರಲ್ಲಿ ಚಾಯ್ವೊದಲ್ಲಿ ನೆಲೆಗೊಳಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಉತ್ಪಾದನೆ ಶುರುವಾಯಿತು. 2007ರ ಆರಂಭದ ಹೊತ್ತಿಗೆ ದಿನಕ್ಕೆ 2,50,000 ಬ್ಯಾರೆಲ್ ತೈಲ ಹೊರಬಂತು. ಅಳಿವಿನಂಚಿನ ಪಶ್ಚಿಮದ ಬೂದು ತಿಮಿಂಗಿಲಗಳು ಬೇಸಿಗೆಯಲ್ಲಿ ಮೇಯುವುದೂ ಇದೇ ಕರಾವಳಿಯಲ್ಲಿ ಎಂಬುದನ್ನು ಈ ಸಾಧನೆಯ ಪಕ್ಕದಲ್ಲೇ ಬರೆದಿಡಬೇಕು. ಹಿಮದ ಅಡಿಯಲ್ಲಿ ಚೆಲ್ಲಿದ ಎಣ್ಣೆಯನ್ನು ಬಳಿದು ತೆಗೆಯುವುದು ತೆರೆದ ಕಡಲಿಗಿಂತ ಎಷ್ಟೋ ಕಷ್ಟ.

ತೈಲ 226 ಕಿ.ಮೀ. ಕೊಳವೆಯಲ್ಲಿ ದ್ವೀಪವನ್ನೂ ತತಾರ್ ಜಲಸಂಧಿಯನ್ನೂ ದಾಟಿ ಮುಖ್ಯ ಭೂಮಿಯ ದೆ-ಕಾಸ್ತ್ರಿ ಬಂದರಿಗೆ ಹೋಗುತ್ತದೆ. ಚಳಿಗಾಲದಲ್ಲಿ ಹಿಮಭಂಜಕ ಹಡಗುಗಳು ದಾರಿ ಸೀಳಿಕೊಡುತ್ತವೆ, ತೈಲದ ಹಡಗುಗಳು ಹಿಂದೆ ಹೊರಡುತ್ತವೆ.

ಮಂಗಳೂರಿನಿಂದ ಘಟ್ಟ ಹತ್ತಿ

ಹಾಸನಕ್ಕೆ ಕೊಂಡಿ ಬೀಳುವುದು ಮಂಗಳೂರಿನಲ್ಲಿ. 1988ರಲ್ಲಿ ಸ್ಥಾಪನೆಯಾದ ಮಂಗಳೂರು ತೈಲ ಸಂಸ್ಕರಣಾಗಾರ, ಅಂದರೆ ಎಂಆರ್‌ಪಿಎಲ್, 1996ರಲ್ಲಿ ಕೆಲಸ ಆರಂಭಿಸಿತು. 2003ರ ಮಾರ್ಚಿನಲ್ಲಿ ಒಎನ್‌ಜಿಸಿಯ ಕೈಗೆ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ಸುಡಾನಿನ ಕ್ಷೇತ್ರದಿಂದ ಭಾರತದ ಸ್ವಂತ ಪಾಲಿನ ಕಚ್ಚಾತೈಲ ನವಮಂಗಳೂರು ಬಂದರಿಗೆ ಬಂದಿಳಿಯಿತು. 2006ರ ಡಿಸೆಂಬರಿನಲ್ಲಿ ಸಖಾಲಿನ್‌ನ ‘ಸೊಕೊಲ್’ ಎಂಬ ಹಗುರ, ಗಂಧಕ ಕಡಿಮೆಯಿರುವ ತೈಲದ ಮೊದಲ ಹಡಗೂ ಅದೇ ಬಂದರಿಗೆ ಬಂತು.

ಮಂಗಳೂರಿನಿಂದ ಒಳನಾಡಿಗೆ ಸರಕು ಸಾಗಿಸಲು ಆ ದಶಕದಲ್ಲಿ ದಾರಿಯೇ ಇಕ್ಕಟ್ಟಾಗಿತ್ತು. 1979ರಲ್ಲಿ ತೆರೆದಿದ್ದ ಹಾಸನ–ಮಂಗಳೂರು ಮೀಟರ್ ಗೇಜ್ ರೈಲುಮಾರ್ಗದ ಘಟ್ಟದ ಭಾಗ ಬ್ರಾಡ್ ಗೇಜ್ ಪರಿವರ್ತನೆಗಾಗಿ ತೊಂಬತ್ತರ ದಶಕದ ಮಧ್ಯದಲ್ಲಿ ಮುಚ್ಚಿ, ಸರಕು ರೈಲಿಗೆ ಮತ್ತೆ ತೆರೆದದ್ದು 2006ರಲ್ಲಿ. ಸಂಸ್ಕರಣಾಗಾರದ ಮೊದಲ ಹತ್ತು ವರ್ಷಗಳೂ ರೈಲಿಲ್ಲದ ವರ್ಷಗಳೂ ಬಹುಪಾಲು ಒಂದೇ. ಉಳಿದದ್ದು ಶಿರಾಡಿ ಘಟ್ಟದಲ್ಲಿ ಸಾಲುಗಟ್ಟಿ ಏರುವ ಟ್ಯಾಂಕರ್ ಲಾರಿ. ಈ ಹಿನ್ನೆಲೆಯಲ್ಲಿ 1998ರಲ್ಲಿ ಪೆಟ್ರೋನೆಟ್ ಎಂಎಚ್‌ಬಿ ಕಂಪನಿ ಹುಟ್ಟಿತು. ಮಂಗಳೂರು–ಹಾಸನ–ಬೆಂಗಳೂರು ಎಂಬುದರ ಮೊದಲಕ್ಷರಗಳೇ ಅದರ ಹೆಸರು. ಸುಮಾರು 362 ಕಿ.ಮೀ. ಉದ್ದದ ಅದರ ಕೊಳವೆಮಾರ್ಗ 2003ರಲ್ಲಿ ಚಾಲನೆಗೊಂಡಿತು. ಘಟ್ಟದ ಬುಡದ ನೆರಿಯದಲ್ಲಿ ಪಂಪುಗಳು ಒತ್ತಡ ಕೊಟ್ಟರೆ ಎಣ್ಣೆ ಹಾಸನದ ಎತ್ತರಕ್ಕೆ ಏರಿ, ಒಂದಷ್ಟು ಇಲ್ಲಿ ಇಳಿದು, ಮಿಕ್ಕದ್ದು ಬೆಂಗಳೂರು ಹೊರವಲಯದ ದೇವನಗೊಂದಿಗೆ ಸಾಗುತ್ತದೆ. ಪೆಟ್ರೋಲು, ಡೀಸೆಲ್, ಸೀಮೆಎಣ್ಣೆಗಳನ್ನು ಒಂದೇ ಕೊಳವೆಯಲ್ಲಿ ಒಂದರ ಹಿಂದೊಂದರಂತೆ ಕಳಿಸುವ ಕ್ರಮ ಇದರದು.

ಸಂಸ್ಕರಣಾಗಾರದಲ್ಲಿ ಮುಂಬೈ ಹೈ, ಕೊಲ್ಲಿ ದೇಶಗಳು, ಸಖಾಲಿನ್ ಎಲ್ಲವೂ ಬೆರೆತುಹೋಗುತ್ತವೆ. ಅರಕಲಗೂಡಿನ ಟಿಲ್ಲರಿನಲ್ಲಿ ಉರಿದ ಯಾವ ಹನಿ ಯಾವ ಕಡಲಿನದು ಎಂದು ಬೇರ್ಪಡಿಸಲಾಗದು. ಆದರೆ ಸರಪಳಿಯ ಪ್ರತಿ ಕೊಂಡಿಗೂ ದಾಖಲೆಯಿದೆ.

ಹೊಲದಡಿಯ ಹಕ್ಕು

ಈ ಸರಪಳಿಯ ಭಾರ ನಮ್ಮ ಕಡೆ ಬೀಳುವುದು ರೈತನ ಭೂಮಿಯ ಮೇಲೆ. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ ಕಾಯಿದೆಯಂತೆ ಸರ್ಕಾರ ಪಡೆಯುವುದು ಬಳಕೆಯ ಹಕ್ಕನ್ನು ಮಾತ್ರ. ಒಡೆತನ ರೈತನಲ್ಲೇ ಉಳಿಯುತ್ತದೆ. ಪಟ್ಟಿಯ ಅಗಲ ಸಾಮಾನ್ಯವಾಗಿ 18 ಮೀಟರ್. ಕಾಮಗಾರಿಯಲ್ಲಾದ ಬೆಳೆನಷ್ಟಕ್ಕೆ ಪರಿಹಾರವಿದೆ, ಬಳಕೆಯ ಹಕ್ಕಿಗೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ. 10 ಸಿಗುತ್ತದೆ. ಆ ಬಳಿಕ ಅಲ್ಲಿ ರಾಗಿ ಬಿತ್ತಬಹುದು, ಆಲೂಗಡ್ಡೆ ನಾಟಿ ಮಾಡಬಹುದು. ಮನೆ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಲೈನ್ ವಾಕರ್ ಎನ್ನುವ ಕಾವಲುಗಾರ ಆ ಪಟ್ಟಿಯುದ್ದಕ್ಕೂ ನಡೆದು, ಯಾರಾದರೂ ಮಣ್ಣು ಅಗೆದಿದ್ದಾರೆಯೇ ಎಂದು ನೋಡುತ್ತಾನೆ. ತೆಂಗನ್ನೇ ನಂಬಿದ ಚನ್ನರಾಯಪಟ್ಟಣದಂಥ ಸೀಮೆಯಲ್ಲಿ ಮರ ನೆಡಬಾರದೆಂಬ ಕಟ್ಟಳೆ ಸಣ್ಣದಲ್ಲ. ಒಂದು ತೆಂಗು ಎರಡು ಮೂರು ತಲೆಮಾರು ಫಲ ಕೊಡುತ್ತದೆ. ಪರಿಹಾರ ಸಿಗುವುದು ಒಂದೇ ಸಲ.

2022ರಲ್ಲಿ ಯುಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ಎಕ್ಸಾನ್ ಸಖಾಲಿನ್-1ರಿಂದ ಹೊರನಡೆಯಿತು, ಉತ್ಪಾದನೆ ಕುಸಿಯಿತು, ಯೋಜನೆ ರಷ್ಯಾದ ಹೊಸ ಕಂಪನಿಯ ಕೈಸೇರಿತು. ಭಾರತ ತನ್ನ ಶೇ. 20ರ ಪಾಲು ಉಳಿಸಿಕೊಂಡಿತು. ದೂರದ ಕಡಲಿನ ಎಣ್ಣೆ ಹಿಮಕ್ಕೆ ಮಾತ್ರವಲ್ಲ, ದೂರದ ಯುದ್ಧಕ್ಕೂ ಸಿಕ್ಕಿಬೀಳುತ್ತದೆ.

ಇದಕ್ಕೆ ಎದುರಾಗಿ ಹಾಸನದಲ್ಲೇ ಇನ್ನೊಂದು ಪ್ರಯತ್ನ ನಡೆದಿದೆ. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಆರಂಭಿಸಿ, ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿಗಳನ್ನು ರೈತರ ಬದುಗಳಿಗೆ ತಲುಪಿಸಿತು. ಒಂದು ಜಿಲ್ಲೆಯ ಡೀಸೆಲ್ ಬೇಡಿಕೆಯನ್ನು ಹೊಂಗೆಬೀಜ ತುಂಬಲಾರದು. ಆದರೆ ಎಣ್ಣೆ ಕಣ್ಣಳತೆಯಲ್ಲಿ ಹುಟ್ಟಬಲ್ಲದು ಎಂಬ ಗಾಣದ ಕಾಲದ ತಿಳಿವನ್ನು ಅದು ಉಳಿಸಿದೆ.

ಆ ಹಳದಿ ಕಂಬಗಳ ಸಾಲಿನಲ್ಲಿ ಎರಡೂ ಚರಿತ್ರೆಗಳು ಒಟ್ಟಿಗೆ ಕಾಣುತ್ತವೆ. ಕೊಳವೆಯ ಮೇಲಿನ ಪಟ್ಟಿಯಲ್ಲಿ ಹೊಂಗೆಸಸಿ ನೆಡುವಂತಿಲ್ಲ. ಪಟ್ಟಿ ಮುಗಿದಲ್ಲಿ ಬದು ಇದೆ, ಅಲ್ಲಿ ನೆಡಬಹುದು.