ತೆರೆಯ ಲೆಕ್ಕ, ನಷ್ಟದ ಲೆಕ್ಕ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಕಡಲು ದಾಟುವ ಸರಕಿನ ಕಾಗದಪತ್ರಗಳ ಜತೆ ವಿಮೆಯ ಪಾಲಿಸಿ ಇದ್ದರೆ ಸೀಲು ಒತ್ತುತ್ತಿದ್ದೆ. ಆ ಹಡಗು ತೆರೆಯಲ್ಲಿ ಎಷ್ಟು ಹೊಯ್ದಾಡೀತೆಂದು ಮೊದಲೇ ಲೆಕ್ಕ ಹಾಕಬಹುದೆಂಬುದು ನನಗೆ ತಿಳಿದದ್ದು ನಿವೃತ್ತಿಯ ಬಳಿಕ.

ಈ ವಿದ್ಯೆ ಹಳೆಯದು. ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಫ್ರೂಡ್ 1861ರಲ್ಲಿ ಹಡಗುಗಳ ಹೊಯ್ದಾಟದ ಬಗ್ಗೆ ಪ್ರಬಂಧ ಮಂಡಿಸಿದರು. ಮುಂದೆ ಟಾರ್ಕಿ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ ಮಾದರಿ ಹಡಗುಗಳನ್ನು ಪರೀಕ್ಷಿಸಿದರು. ಹಡಗು ಒಮ್ಮೆ ಎಡಬಲಕ್ಕೆ ವಾಲುವಷ್ಟರಲ್ಲಿ ಎರಡು ಸಲ ಏರಿಳಿದರೆ ಕೇಡೆಂದು 1860ರ ದಶಕದಲ್ಲೇ ಅವರು ಗಮನಿಸಿದ್ದರು.

ನೀವು ಉಯ್ಯಾಲೆ ನೋಡಿದ್ದೀರಷ್ಟೆ? ಅದರ ಮೇಲೆ ನಿಂತ ಮಗುವನ್ನು ಯಾರೂ ದೂಡಬೇಕಿಲ್ಲ. ಒಂದೊಂದು ಜೀಕಿಗೆ ಎರಡೆರಡು ಸಲ ಮೊಣಕಾಲು ಬಗ್ಗಿಸಿ ಎದ್ದರೆ ಸಾಕು, ಉಯ್ಯಾಲೆ ತಾನೇ ಮೇಲೇರುತ್ತದೆ. ಎದುರಿನಿಂದ ಬರುವ ತೆರೆಗಳೂ ಹಡಗಿಗೆ ಹೀಗೆಯೇ ಮಾಡಬಲ್ಲವು.

1998ರ ಅಕ್ಟೋಬರಿನಲ್ಲಿ ಆದದ್ದು ಅದೇ. ತೈವಾನಿನಿಂದ ಅಮೆರಿಕದ ಸಿಯಾಟಲ್‌ಗೆ ಹೊರಟ 'ಎಪಿಎಲ್ ಚೈನಾ' ಎಂಬ ಕಂಟೇನರ್ ಹಡಗು ಉತ್ತರ ಪೆಸಿಫಿಕ್‌ನಲ್ಲಿ ಬಿರುಗಾಳಿಗೆ ಮುಖಕೊಟ್ಟಿತು. ಎದುರು ತೆರೆಯಲ್ಲೇ ಅದು ಪಕ್ಕಕ್ಕೆ 35ರಿಂದ 40 ಡಿಗ್ರಿ ವಾಲಿತು. ಮೇಲ್ತಟ್ಟಿನಲ್ಲಿದ್ದ ಸುಮಾರು 1,300 ಕಂಟೇನರ್‌ಗಳಲ್ಲಿ ಮೂರನೇ ಒಂದು ಪಾಲು ಕಡಲುಪಾಲು, ಇನ್ನೊಂದು ಪಾಲು ಜಖಂ. ಪರಿಹಾರ ಕೇಳಿದ ದಾವೆಗಳ ಮೊತ್ತ ಹಡಗಿನ ಬೆಲೆಯನ್ನೇ ಮೀರಿತೆಂದು ವರದಿಯಾಯಿತು.

ತೆರಬೇಕಾದವರು ಯಾರು? ಕಡಲಿನ ವಿಪತ್ತೆಂದು ತೋರಿಸಿದರೆ ಹಡಗಿನವರಿಗೆ ಕಾನೂನಿನಲ್ಲಿ ವಿನಾಯಿತಿ ಉಂಟು. ಆದರೆ ಹೊರಡುವ ಮೊದಲೇ ಹಡಗನ್ನು ಯಾನಕ್ಕೆ ತಕ್ಕಂತೆ ಸಜ್ಜುಗೊಳಿಸುವಲ್ಲಿ ಎಚ್ಚರ ವಹಿಸಿರಬೇಕು. ಹಾಗಾಗಿ ಮಾತು ಕೊನೆಗೆ ಲೆಕ್ಕಕ್ಕೇ ಬಂತು. ನೆದರ್ಲೆಂಡಿನ ತೊಟ್ಟಿಯಲ್ಲಿ ಮಾದರಿ ಹಡಗನ್ನಿಟ್ಟು ಪರೀಕ್ಷಿಸಿದಾಗ ಆ ಉಯ್ಯಾಲೆಯ ಆಟ ಕಣ್ಣಿಗೆ ಕಂಡಿತು. 2001ರಲ್ಲಿ ವರದಿ ಪ್ರಕಟವಾಯಿತು. 2007ರಲ್ಲಿ ಅಂತಾರಾಷ್ಟ್ರೀಯ ಕಡಲಯಾನ ಸಂಸ್ಥೆ ಕಪ್ತಾನರಿಗೆ ಪರಿಷ್ಕೃತ ಸೂಚನೆ ಕೊಟ್ಟಿತು: ಇಂಥ ತೆರೆ ಕಂಡರೆ ವೇಗವನ್ನೋ ದಿಕ್ಕನ್ನೋ ಬದಲಿಸಿ.

ನೋಡಿ, ಫ್ರೂಡ್ ಕಂಡ ಅಪಾಯ ಜಗತ್ತಿನ ಗಮನಕ್ಕೆ ಬರಲು ನೂರಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು, ಅದೂ ದಾವೆ ಹೂಡಿದ ಮೇಲೆ. ವಿಮೆ ಕಳೆದ ಹಣವನ್ನು ತುಂಬಿಕೊಟ್ಟೀತು, ಅಂಥ ಹಡಗಿನಲ್ಲಿರುವ ನಾವಿಕನ ಜೀವವನ್ನಲ್ಲ. ಸೀಲು ಒತ್ತಿದ ಕೈ ನನ್ನದು, ಅದಕ್ಕೇ ಹೇಳುತ್ತಿದ್ದೇನೆ: ಲೆಕ್ಕಕ್ಕೆ ಸಿಗುವ ಅಪಾಯಕ್ಕೆ ವಿಧಿಯನ್ನು ದೂರುವಂತಿಲ್ಲ.